ಏಕಾದಶಿ ಮರೆತವರ ಮರೆವಿನ ಪರೀಕ್ಷೆ

ಆಷಾಢಿ ಏಕಾದಶಿಯ ಬೆಳಿಗ್ಗೆ ಪುಣೆಯ ಹೋಟೆಲಿನಲ್ಲಿ ಸಾಬೂದಾಣಿ ಖಿಚಡಿ ಇಲ್ಲವೆಂದರೆ ಅದು ಎಂಥ ಮಾನಗೇಡು ಎಂಬುದು ಹೊರಗಿನವರಿಗೆ ಬೇಗ ತಿಳಿಯುವುದಿಲ್ಲ. ವರ್ಷವಿಡೀ ದೇವರ ಸುದ್ದಿಗೆ ಹೋಗದವರೂ ಅಂದು ಇಲ್ಲಿ ಉಪವಾಸ ಮಾಡುತ್ತಾರೆ. ಉಪವಾಸವೆಂದರೆ ಖಿಚಡಿ, ವಡೆ, ಬಟಾಟೆ, ಶೇಂಗಾ ಎಲ್ಲ ಬಡಿದು ಹೊಟ್ಟೆ ತುಂಬಿಸಿಕೊಳ್ಳುವುದು. ಖಿಚಡಿಗೆ ಸಾಬೂದಾಣಿಯನ್ನು, ಅಂದರೆ ನಮ್ಮ ಸಬ್ಬಕ್ಕಿಯನ್ನು, ಹಿಂದಿನ ಸಂಜೆಯೇ ತೊಳೆದು ನೆನೆಹಾಕಿಡಬೇಕು. ಬೆಳಿಗ್ಗೆ ನೆನಪಾಗಿ ಬಿಸಿನೀರಿನಲ್ಲಿ ಅದ್ದಿದರೆ ಮೇಲೆಲ್ಲ ಅಂಟು, ಒಳಗೆ ಕಲ್ಲು.

ಸದಾಶಿವ ಪೇಠದ ಒಂದು ಹೋಟೆಲಿನಲ್ಲಿ ಕಳೆದ ವರ್ಷ ಆ ಸಂಜೆ ಸಬ್ಬಕ್ಕಿಗೆ ನೀರೇ ಬೀಳಲಿಲ್ಲ. ಹೋಟೆಲು ಕುಂದಾಪುರದ ಕಡೆಯವರದು. ಗಲ್ಲೆಯ ಮೇಲೆ, ಅಂದರೆ ಹಣದ ಪೆಟ್ಟಿಗೆಯ ಮುಂದೆ, ಕೂರುವ ಹಿರಿಯರನ್ನು ಗಿರಾಕಿಗಳೆಲ್ಲ ಅಣ್ಣ ಎಂದೇ ಕರೆಯುವುದು. ನಾನು ಇಲ್ಲಿ ಯಜಮಾನರು ಎನ್ನುತ್ತೇನೆ. ಅಂದು ಬೆಳಿಗ್ಗೆ ಸಾಲುಗಟ್ಟಿ ಬಂದ ಗಿರಾಕಿಗಳು "ಕಾಯ್ ಅಣ್ಣಾ, ಆಜ್ ಖಿಚಡೀ ನಾಹೀ?" ಎಂದು ನಕ್ಕು, ಎದುರುಗಡೆಯ ಅಂಗಡಿಗೆ ಹೋದರು. ಯಜಮಾನರು ಮುಖ ಎತ್ತಲಿಲ್ಲವಂತೆ. ಮಗನಿಗೆ ಅಷ್ಟು ಸಾಕಾಯಿತು. ಅಪ್ಪನಿಗೆ ಮರೆವಿನ ಕಾಯಿಲೆ ಬಂದಿದೆ ಎಂದು ಅವನು ಅಲ್ಲೇ ನಿಂತು ಫೋನಿನಲ್ಲಿ ಹುಡುಕಿ ತೀರ್ಮಾನಿಸಿಬಿಟ್ಟ. ಲಕ್ಷಣಗಳೆಲ್ಲ ಹೊಂದಿದವು. ಫೋನಿನಲ್ಲಿ ಹುಡುಕಿದರೆ ಯಾರಿಗೆ ಯಾವ ಕಾಯಿಲೆಯ ಲಕ್ಷಣ ಹೊಂದುವುದಿಲ್ಲ ಹೇಳಿ.

ಮೊದಲು ನರರೋಗದ ವೈದ್ಯರ ಬಳಿ ಹೋದರು. ತಲೆಯ ಸ್ಕ್ಯಾನ್ ವಯಸ್ಸಿಗೆ ತಕ್ಕಂತಿತ್ತು, ರಕ್ತದಲ್ಲಿ ದೋಷವಿರಲಿಲ್ಲ. ವೈದ್ಯರು ಅವರನ್ನು ನನ್ನ ಬಳಿ ಕಳಿಸಿದರು. ನನ್ನ ಕೆಲಸ ಅದೇ: ಅಂಥವರನ್ನು ಎದುರಿಗೆ ಕೂರಿಸಿಕೊಂಡು ಗಮನ, ನೆನಪು, ಲೆಕ್ಕ, ಮಾತು ಎಷ್ಟೆಷ್ಟು ಉಳಿದಿವೆ ಎಂದು ಅಳೆದು ವರದಿ ಬರೆಯುವುದು. ಧಾರವಾಡದವಳಾದ್ದರಿಂದ ಪುಣೆಯ ಕನ್ನಡದವರು ಸಾಮಾನ್ಯವಾಗಿ ನನ್ನ ಪಾಲಿಗೆ ಬರುತ್ತಾರೆ. ಮರಾಠಿಯಲ್ಲಿ ವ್ಯಾಪಾರ ಮಾಡಬಲ್ಲವನಿಗೂ ನೆನಪಿನ ಪರೀಕ್ಷೆ ತಾಯಿಭಾಷೆಯಲ್ಲೇ ಆಗಬೇಕು.

ಮಗ ಒಳಗೆ ಬಂದವನೇ ಕೂರುವ ಮೊದಲು ವಿಷಯಕ್ಕೆ ಬಂದ.

"ಅಪ್ಪನಿಗೆ ಎಂತದೂ ನೆನಪಿರುದಿಲ್ಲ ಮೇಡಂ. ಪುಣೆಯಲ್ಲಿ ಹೋಟೆಲ್ ಇಟ್ಕೊಂಡು ಆಷಾಢಿ ಏಕಾದಶಿ ಮರೆಯುದು ಅಂದ್ರೆ? ಚಿಕ್ಕಪ್ಪಂದಿರೂ ಪಾರ್ಟ್ನರ್ಸ್. ಅವ್ರು ಹೇಳ್ತಿದ್ದಾರೆ, ನಿಮ್ಮ ರಿಪೋರ್ಟ್ ಬರ್ಲಿ, ಮತ್ತೆ ಅಪ್ಪನನ್ನು ಗಲ್ಲೆಯಿಂದ ಇಳಿಸಿ ಊರಿಗೆ ಕಳಿಸುವ ಅಂತ."

ಇದೆಲ್ಲ ಅಪ್ಪನ ಎದುರಿಗೇ. ಯಜಮಾನರು ಬಿಳಿ ಅಂಗಿಯ ಗುಂಡಿ ಸರಿಮಾಡಿಕೊಂಡರು.

"ಪಾಸಾದ್ರೆ ಗಲ್ಲೆ, ಫೇಲಾದ್ರೆ ಊರು. ಅಷ್ಟೇ ಅಲ್ವಾ ಡಾಕ್ಟ್ರಮ್ಮ?" ಎಂದರು. "ಊರಲ್ಲಿ ನಾನು ಎಂತ ಮಾಡುದು? ನಂಗೆ ಅಲ್ಲಿ ಗುರ್ತದವರೇ ಇಲ್ಲ. ನನ್ನ ಜನ ಎಲ್ಲ ಬೆಳಿಗ್ಗೆ ಚಾ ಕುಡಿಲಿಕ್ಕೆ ಇಲ್ಲಿಗೇ ಬರುದು."

ನಾನು ಡಾಕ್ಟರಲ್ಲ ಎಂದು ಹೇಳಿದೆ. ಅವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ನನ್ನ ಕೋಣೆಯಲ್ಲಿ ಒಂದೇ ನಿಯಮ. ಫೋನು ಆರಿಸಿ ಹೊರಗಿನ ಕಪಾಟಿನಲ್ಲಿ ಇಟ್ಟು ಬರಬೇಕು. ಯಜಮಾನರು ಮರುಮಾತಿಲ್ಲದೆ ಇಟ್ಟರು. ಮಗ ಮಾತ್ರ ಕಿಡ್ನಿ ಕೇಳಿದವರನ್ನು ನೋಡಿದಂತೆ ನನ್ನನ್ನು ನೋಡಿದ. "ವೈಬ್ರೇಟಲ್ಲಿ ಇಡ್ತೇನೆ ಮೇಡಂ, ನಂದು ಪರೀಕ್ಷೆ ಅಲ್ವಲ್ಲ" ಎಂದ. ಅವನನ್ನು ಫೋನಿನ ಸಮೇತ ಹೊರಗಿನ ಬೆಂಚಿಗೆ ಕಳಿಸಿದೆ.

"ಯಜಮಾನ್ರ, ಇವತ್ತ ತಾರೀಖು ಎಷ್ಟ್ರಿ?"

ಯಜಮಾನರ ಕೈ ಅಂಗಿಯ ಜೇಬಿಗೆ ಹೋಯಿತು. ಜೇಬು ಖಾಲಿ. ಕೈ ಹಿಂದೆ ಬಂತು. ಒಂದು ದಿನ ಆಚೀಚೆ ಹೇಳಿದರು. ಯಾವ ವಾರ ಎಂದೆ. ಕೈ ಮತ್ತೆ ಜೇಬಿಗೆ. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದಾಗಲೂ ಕೈ ಹೋಯಿತು. ಒಂದು ಕಾಲದಲ್ಲಿ ಇಡೀ ಟೇಬಲ್ಲಿನ ಬಿಲ್ಲನ್ನು ಬಾಯಲ್ಲೇ ಕೂಡಿಸುತ್ತಿದ್ದ ಮನುಷ್ಯ ಎರಡನೇ ಮೆಟ್ಟಿಲಿನಲ್ಲಿ ಎಡವಿ, "ಬಿಡಿ, ಕ್ಯಾಲ್ಕುಲೇಟರ್ ಇದ್ರೆ ಹೇಳ್ತಿದ್ದೆ" ಎಂದರು. ನಾನು ಹೇಳಿದ ಅಂಕಿಗಳನ್ನು ಹಿಂದಿನಿಂದ ಮುಂದಕ್ಕೆ ಹೇಳಿಸಿದೆ. ಮೂರು ಅಂಕಿಗಳ ಆಚೆ ಹೋಗಲಿಲ್ಲ. ಒಂದು ಸಣ್ಣ ಕಥೆಯನ್ನು ನಾನೇ ಓದಿ, ಸ್ವಲ್ಪ ಹೊತ್ತಿನ ನಂತರ ಅದನ್ನೇ ತಿರುಗಿ ಹೇಳಿ ಎಂದೆ. ಯಾರೋ ಒಬ್ಬ ಹೆಂಗಸು ಎಲ್ಲಿಗೋ ಹೋದಳು ಎಂದರು. ಅಷ್ಟೇ. ನನಗೆ ಕೆಡುಕೆನಿಸಿತು. ಅಂಕಗಳನ್ನಷ್ಟೇ ನೋಡಿದರೆ ಮಗನ ಮಾತೇ ನಿಜವಾಗುತ್ತಿತ್ತು.

ಆದರೆ ಒಂದು ವಿಷಯ ಹೊಂದಲಿಲ್ಲ. ನೆನಪಿಡಲು ಕೊಟ್ಟಿದ್ದ ಪದಗಳಲ್ಲಿ ಒಂದೂ ಅವರಿಗೆ ತಾನಾಗಿ ಬರಲಿಲ್ಲ. ಅಡಿಗೆಗೆ ಹಾಕುವ ವಸ್ತು ಒಂದಿತ್ತು ಎಂದು ಸುಳಿವು ಕೊಟ್ಟೆ. "ಹುಣಸೆ" ಎಂದರು. ಮುಖ ನೋಡಿಕೊಳ್ಳುವುದು ಎಂದೆ. "ಕನ್ನಡಿ." ಒಂದೊಂದು ಸುಳಿವಿಗೂ ಒಂದೊಂದು ಪದ ಬಂತು. ನಿಜವಾದ ಮರೆವಿನ ಕಾಯಿಲೆಯಲ್ಲಿ ಹೀಗಾಗುವುದು ಕಡಿಮೆ. ಅಲ್ಲಿ ಒಳಗೆ ಇಟ್ಟದ್ದೇ ಇರುವುದಿಲ್ಲ, ಸುಳಿವು ಕೊಟ್ಟರೂ ಸಿಗುವುದಿಲ್ಲ. ಇವರಲ್ಲಿ ಸಾಮಾನು ಒಳಗಿತ್ತು, ಹೋಗಿ ತರುವವನು ನಿದ್ದೆ ಹೊಡೆಯುತ್ತಿದ್ದ.

ಈ ಪರೀಕ್ಷೆಯಲ್ಲಿ ಇನ್ನೊಂದು ಹಂತ ಇದೆ. ಮನೆಯವರೊಬ್ಬರು ಸಾಕ್ಷಿಗೆ ಬೇಕು. ನಿನ್ನೆ ರಾತ್ರಿ ಏನು ಉಂಡಿರಿ, ಕಳೆದ ತಿಂಗಳು ಯಾರ ಮನೆಗೆ ಹೋಗಿದ್ದಿರಿ ಎಂದು ನಾನು ಕೇಳುತ್ತೇನೆ. ಅವರು ಹೇಳಿದ್ದು ಸರಿಯೋ ತಪ್ಪೋ ಎಂದು ಮನೆಯವರು ಹೇಳಬೇಕು. ಮಗನನ್ನು ಒಳಗೆ ಕರೆದೆ, ಈ ಸಲ ಫೋನಿನ ಸಮೇತ.

"ನಿನ್ನೆ ರಾತ್ರಿ ಅಪ್ಪಾರು ಏನ್ ಉಂಡ್ರು?"

ಮಗ ಯೋಚಿಸಿದ. "ಊಟ ಮಾಡಿದ್ರು ಮೇಡಂ."

"ಏನ್ ಊಟ?"

"ಅದು... ನಾನು ಒಂದು ವಿಡಿಯೋ ನೋಡ್ತಿದ್ದೆ."

"ಈಚೆಗೆ ಮನ್ಯಾಗ ಏನರ ಕಾರ್ಯಕ್ರಮ ಆತೇನ್ರಿ?"

"ಆಯ್ತು, ಆಯ್ತು. ತಂಗಿ ಮಗುವಿಗೆ ನಾಮಕರಣ. ಒಂದ್ನಿಮಿಷ" ಎಂದು ಫೋನು ತೆಗೆದು ಫೋಟೋಗಳನ್ನು ತೀಡತೊಡಗಿದ. ಎಷ್ಟು ತೀಡಿದರೂ ತಾರೀಖು ಸಿಗಲಿಲ್ಲ. ಮಗುವಿಗೆ ಏನು ಹೆಸರಿಟ್ಟಿರಿ ಎಂದೆ. ಅವನು ಇನ್ನೂ ತೀಡುತ್ತಲೇ ಇದ್ದ. ಯಜಮಾನರು ಮಗುವಿನ ಹೆಸರು ಹೇಳಿದರು. ಅದು ಸರಿಯೇ ಎಂದು ದೃಢಪಡಿಸಬೇಕಾದ ಸಾಕ್ಷಿ, "ಹಾಂ, ಹಾಗೆ ಎಂತದೋ" ಎಂದ.

ಸ್ಮಾರ್ಟ್‌ಫೋನಿನಿಂದ ಮನುಷ್ಯನ ಬುದ್ಧಿ ಕುಗ್ಗುತ್ತಿದೆಯೇ ಎಂದು ಸಭೆಗಳಿಗೆ ಹೋದಾಗ ನನ್ನನ್ನು ಕೇಳುತ್ತಾರೆ. ನಾನು ಉತ್ತರ ಶುರುಮಾಡುವಷ್ಟರಲ್ಲಿ ಕೇಳಿದವರು ತಲೆ ಬಗ್ಗಿಸಿ ಫೋನು ನೋಡುತ್ತಿರುತ್ತಾರೆ. ಬುದ್ಧಿ ಎಲ್ಲಿಗೂ ಹೋಗುವುದಿಲ್ಲರೀ, ಇದ್ದಲ್ಲೇ ಇರುತ್ತದೆ. ಅದನ್ನು ಯಾರೂ ಮುಟ್ಟುವುದಿಲ್ಲ, ಅಷ್ಟೇ. ಒಬ್ಬ ಮನುಷ್ಯನಿಗೆ ತನ್ನ ಅಪ್ಪ ಎದುರಿಗೆ ಕುಳಿತು ಉಂಡದ್ದು ಏನೆಂದು ಗೊತ್ತಿಲ್ಲ, ಆದರೆ ಅಪ್ಪನಿಗೆ ಬುದ್ಧಿ ಕೆಟ್ಟಿದೆ ಎಂದು ಗೊತ್ತಿದೆ. ಇಂಥವನನ್ನು ಸಾಕ್ಷಿ ಎಂದು ನಾನು ಯಾವ ಕೈಯಿಂದ ಬರೆಯಲಿ?

ಮುಂದಿನ ಸಲ ಹೆಂಡತಿಯನ್ನು ಕರೆತನ್ನಿ ಎಂದು ಯಜಮಾನರಿಗೆ ಹೇಳಿದೆ. ಅವರು ಬಂದರು, ಕಿವಿಯಲ್ಲಿ ಒಂದು ತಂತಿ ಇನ್ನೂ ನೇತಾಡುತ್ತಿತ್ತು. ಪುಣ್ಯಕ್ಕೆ ಅವರು ಒಂದು ಉಪಯೋಗದ ಮಾತು ಹೇಳಿದರು.

"ಇವ್ರು ಮಲಗುದೇ ಇಲ್ಲ ಅಮ್ಮ. ಹೊದಿಕೆ ಒಳಗೆ ಫೋನ್ ಹಿಡ್ಕೊಂಡು ಯಕ್ಷಗಾನ ನೋಡುದು, ಮತ್ತೆ ಕುಸ್ತಿ, ಮತ್ತೆ ಯಾರೋ ಕಾಡಲ್ಲಿ ಮನೆ ಕಟ್ಟುದು. ಹಿಟ್ಟು ರುಬ್ಬುವವರು ಎದ್ದ ಸದ್ದು ಕೇಳಿದ ಮೇಲೆ ಬಂದ್ ಮಾಡುದು. ಮತ್ತೆ ಹಾಗೇ ಎದ್ದು ಗಲ್ಲೆಗೆ."

"ನಿಮಗ ಹೆಂಗ ಗೊತ್ತಾತ್ರಿ?"

"ನಾನೂ ಎಚ್ಚರ ಇರ್ತೇನಲ್ಲ. ನಂದು ಸೀರಿಯಲ್."

ಗಂಡ ಹೆಂಡತಿ ಒಂದೇ ಹಾಸಿಗೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೈಯಲ್ಲೊಂದೊಂದು ದೀಪ ಹಿಡಿದು ಜಾಗರಣೆ ಮಾಡುವುದು. ದೇವರಿಗಾಗಿ ಮಾಡಿದ್ದರೆ ಮೋಕ್ಷವಾದರೂ ಸಿಗುತ್ತಿತ್ತು.

ಆಮೇಲೆ ಏಕಾದಶಿಯ ವಿಚಾರಕ್ಕೆ ಬಂದೆ. ಅಲ್ಲಿಂದಲೇ ಎಲ್ಲ ಶುರುವಾಗಿದ್ದರೂ ಅದನ್ನು ಯಾರೂ ನೆಟ್ಟಗೆ ಹೇಳಿರಲಿಲ್ಲ. ಮೊದಲೆಲ್ಲ ಏಕಾದಶಿಯ ಹಿಂದಿನ ಸಂಜೆ ಏನು ಮಾಡುತ್ತಿದ್ದಿರಿ ಎಂದು ಯಜಮಾನರನ್ನು ಕೇಳಿದೆ. ಈ ಪ್ರಶ್ನೆಗೆ ಅವರ ಕೈ ಜೇಬಿಗೆ ಹೋಗಲಿಲ್ಲ.

"ದೇವರಿಗೆ ದೀಪ ಹಚ್ಚಿ, ಗೋಡೆಯ ಕ್ಯಾಲೆಂಡರ್ ನೋಡುದು. ಮತ್ತೆ ಅಡಿಗೆಮನೆ ಬಾಗಿಲಿಗೆ ಹೋಗಿ 'ನಾಳೆ ಉಪವಾಸ' ಅಂತ ಒಂದು ಮಾತು ಹೇಳುದು. ಭಟ್ರು ಆಗಲೇ ಸಾಬೂದಾಣಿಗೆ ನೀರು ಬಿಡ್ತಾರೆ. ಉಪವಾಸದ ಬಾಣಲೆ, ಸೌಟು ಬೇರೆ, ಅದನ್ನು ಕೆಳಗೆ ಇಳಿಸ್ತಾರೆ. ನಾನು ಹೇಳದೆ ಅದು ಇಳಿಯುದಿಲ್ಲ. ನನ್ನ ಅಪ್ಪನ ಕಾಲದಿಂದ ಹಾಗೇ."

"ಈಗ?"

"ಈಗ ಗ್ರೂಪ್ ಉಂಟಲ್ಲ."

ಮಗ ಅಪ್ಪನಿಗೆ ದೊಡ್ಡ ಫೋನು ಕೊಡಿಸಿದ ಮೇಲೆ ಹೋಟೆಲಿನವರದ್ದೆಲ್ಲ ಒಂದು ವಾಟ್ಸಾಪ್ ಗುಂಪು ಮಾಡಿದ್ದ. ಯಜಮಾನರು, ಮಗ, ಚಿಕ್ಕಪ್ಪಂದಿರು, ಭಟ್ಟರು, ಬಡಿಸುವವರು ಎಲ್ಲ ಅದರಲ್ಲಿ. ಇನ್ನು ಎದ್ದು ಹೋಗಿ ಬಾಯಿಂದ ಹೇಳುವುದು ಬೇಡ, ಗೋಡೆ ನೋಡುವುದೂ ಬೇಡ, ಎಲ್ಲ ಇಲ್ಲೇ ಬರುತ್ತದೆ ಎಂದ. ಗೋಡೆಯ ಕ್ಯಾಲೆಂಡರನ್ನು ತೆಗೆದು ಅಲ್ಲಿ ಹಣ ಪಾವತಿಯ ಕ್ಯೂಆರ್ ಚೌಕದ ಚಿತ್ರ ಅಂಟಿಸಿದ. ಗೋಡೆ ಚೆನ್ನಾಗಿ ಕಾಣುತ್ತದೆ ಎಂದನಂತೆ.

ಕಪಾಟಿನಿಂದ ಯಜಮಾನರ ಫೋನು ತರಿಸಿ, ಅವರ ಒಪ್ಪಿಗೆ ಪಡೆದು, ಆಷಾಢಿಯ ಹಿಂದಿನ ದಿನಕ್ಕೆ ಹೋದೆ. ಶುಭೋದಯದ ಹೂವುಗಳು, ವಿಠೋಬನ ಚಿತ್ರಗಳು, ಯಾತ್ರೆಯ ಪಲ್ಲಕ್ಕಿ ಸಾಸವಡ ಊರಿಗೆ ಬಂದಾಗಿನ ಹಳೆಯ ವಿಡಿಯೋಗಳು, ಬೆಳ್ಳುಳ್ಳಿಯ ಔಷಧಿ. ಅವುಗಳ ನಡುವೆ ಮಗನೇ ಹಾಕಿದ್ದ ಸಂದೇಶ ಇತ್ತು: ನಾಳೆ ಏಕಾದಶಿ, ಸಾಬೂದಾಣಿ ನೆನೆಹಾಕಬೇಕು. ಅದರ ಕೆಳಗೆ ಹೆಬ್ಬೆಟ್ಟುಗಳ ಸಾಲು. ಚಿಕ್ಕಪ್ಪಂದಿರು ಒತ್ತಿದ್ದರು, ಭಟ್ಟರು ಒತ್ತಿದ್ದರು, ಯಜಮಾನರೂ ಒತ್ತಿದ್ದರು. ಒಬ್ಬೊಬ್ಬರೂ ಹೆಬ್ಬೆಟ್ಟು ಒತ್ತಿ, ಕೆಲಸ ಮುಗಿಯಿತೆಂದು ಮುಂದಿನ ವಿಡಿಯೋಕ್ಕೆ ಹೋಗಿದ್ದರು. ಸಬ್ಬಕ್ಕಿಯ ಚೀಲ ಮಾತ್ರ ಗುಂಪಿನಲ್ಲಿ ಇರಲಿಲ್ಲ.

ಹೊರಗಿನ ಬೆಂಚಿನಲ್ಲಿದ್ದ ಮಗನನ್ನು ಕರೆದು ತೋರಿಸಿದೆ. "ಇಲ್ಲಿ ಮರೆತವ್ರು ಯಾರ್ರಿ?"

"ನಾನು ರಿಮೈಂಡ್ ಮಾಡಿದ್ದೆ ಮೇಡಂ, ನೋಡಿ" ಎಂದ, ಗೆದ್ದವನಂತೆ.

ಅಲ್ಲಿಗೆ ನನ್ನ ತಾಳ್ಮೆ ತೀರಿತು, ತೀರ್ಮಾನವೂ ಆಯಿತು. ಈ ಅಂಕಗಳ ಮೇಲೆ ವರದಿ ಬರೆಯುವುದಿಲ್ಲ ಎಂದೆ. ನಿದ್ದೆಗೆಟ್ಟವನ ನೆನಪು ಅಳೆಯುವುದು ಜ್ವರ ಬಂದವನನ್ನು ಓಡಿಸಿ ಕಾಲಿನ ಶಕ್ತಿ ಅಳೆದಂತೆ. ದೊಡ್ಡ ಫೋನು ನನ್ನ ಕಪಾಟಿನಲ್ಲಿ ಇರುತ್ತದೆ, ಯಜಮಾನರು ಗುಂಡಿ ಒತ್ತುವ ಹಳೆಯ ಫೋನು ಇಟ್ಟುಕೊಳ್ಳಲಿ, ರಾತ್ರಿ ಮಲಗಲಿ, ಗೋಡೆಗೆ ಕ್ಯಾಲೆಂಡರ್ ಬರಲಿ, ಅಡಿಗೆಮನೆಗೆ ಬಾಯಿಂದಲೇ ಹೇಳಲಿ. ದಸರಾ ಕಳೆದ ಮೇಲೆ ಮತ್ತೆ ನೋಡುತ್ತೇನೆ ಎಂದೆ. ನರರೋಗದ ವೈದ್ಯರಿಗೂ ಫೋನು ಮಾಡಿ ಹೇಳಿದೆ. ಅವರು ಬೇರೇನೋ ನೋಡುತ್ತಲೇ "ರೈಟ್, ರೈಟ್" ಎಂದರು.

"ಅಷ್ಟು ದಿನ ವಾಟ್ಸಾಪ್ ಇಲ್ಲದೆ ಹೇಗೆ ಮೇಡಂ?" ಎಂದು ಗಾಬರಿಯಾದವನು ಮಗ. ಯಜಮಾನರಲ್ಲ.

ಮೊದಲ ವಾರಗಳು ಕಷ್ಟದ್ದಾಗಿದ್ದವು. ಯಜಮಾನರು ಸಿಡುಕಿದರು, ಹೆಂಡತಿಯ ಫೋನಿಗೆ ಇಣುಕಿದರು, ಒಮ್ಮೆ ನನ್ನ ಕಚೇರಿಗೇ ಬಂದು "ಒಂದು ಸಲ ಕುಸ್ತಿ ನೋಡಿ ಕೊಡ್ತೇನೆ" ಎಂದು ಕೇಳಿದರು. ನಾಚಿಕೆ ಆಗಲ್ಲೇನ್ರಿ ಎಂದು ಬೈದು ಕಳಿಸಿದೆ. ಆಮೇಲೆ ನಿದ್ದೆ ಬರತೊಡಗಿತು. ಮಾರ್ಕೆಟ್ ಯಾರ್ಡಿಗೆ ಶೇಂಗಾ ನೋಡಲು ತಾವೇ ಹೋದರಂತೆ. ಬಿಲ್ಲು ಬಾಯಲ್ಲೇ ಕೂಡಿಸತೊಡಗಿ, ಮೊದಮೊದಲು ತಪ್ಪಿ ಗಿರಾಕಿಗಳಿಂದ ತಿದ್ದಿಸಿಕೊಂಡರಂತೆ.

ದೀಪಾವಳಿಗೆ ಮುಂಚೆ ಎರಡನೇ ಪರೀಕ್ಷೆ ಮಾಡಿದೆ. ಹಳೆಯ ಕಥೆ ಬೇಡವೆಂದು ಬೇರೆ ಕಥೆ, ಬೇರೆ ಪದಗಳು. ಅವರು ತಾರೀಖು ಕೇಳಿದ ಕೂಡಲೇ ಹೇಳಿದರು, ಜೊತೆಗೆ ತಿಥಿಯನ್ನೂ ಸೇರಿಸಿದರು. ಏಳೇಳು ಕಳೆಯುತ್ತ ತಡೆಯಿಲ್ಲದೆ ಕೊನೆಯವರೆಗೆ ಇಳಿದರು. ಕಥೆಯಲ್ಲಿ ಹೆಂಗಸಿನ ಹೆಸರು, ಕಳೆದ ಚೀಲದ ಬಣ್ಣ ಎರಡೂ ಬಂದವು. ಒಂದೆರಡು ಕಡೆ ತಡವರಿಸಿದರು. ಆ ವಯಸ್ಸಿಗೆ ಅಷ್ಟು ಸಹಜ. ಕಾಯಿಲೆ ಇಲ್ಲ, ಗಲ್ಲೆಯ ಮೇಲೆ ಕೂರಲು ಅಡ್ಡಿಯಿಲ್ಲ ಎಂದು ಅವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅವರು ಟವೆಲಿನಿಂದ ಮುಖ ಒರೆಸಿಕೊಂಡರು.

ವರದಿ ವೈದ್ಯರಿಗೂ ಹೋಗಬೇಕಾದ್ದರಿಂದ ಇಂಗ್ಲಿಷಿನಲ್ಲಿ ಬರೆದೆ. ಹಾಳೆಯ ಮುಂದಿನ ಮಗ್ಗುಲಲ್ಲಿ ಮೊದಲ ಪರೀಕ್ಷೆಯ ಫಲ, ಹಿಂದಿನ ಮಗ್ಗುಲಲ್ಲಿ ಎರಡನೆಯದ್ದು ಮತ್ತು ನನ್ನ ತೀರ್ಮಾನ. ಬಂದು ಮಾತಾಡಿ ಎಂದು ಮಗನಿಗೆ ಹೇಳಿ ಕಳಿಸಿದೆ. "ಟೈಮ್ ಇಲ್ಲ, ಅಪ್ಪನ ಕೈಯಲ್ಲಿ ಕೊಡಿ, ಓದ್ಕೊಳ್ತೇನೆ" ಎಂದ. ಯಜಮಾನರ ಕೈಗೆ ಕೊಟ್ಟೆ. ಕೆಲಸ ಮುಗಿಯಿತೆಂದುಕೊಂಡೆ.

ಕಾರ್ತಿಕಿ ಏಕಾದಶಿಯ ಹಿಂದಿನ ಸಂಜೆ ಕೆಲಸ ಮುಗಿಸಿ, ಕಾಫಿ ಕುಡಿಯೋಣವೆಂದು ಆ ಹೋಟೆಲಿಗೆ ಹೊಕ್ಕೆ. ಗಲ್ಲೆಯ ಮೇಲೆ ಮಗ ಕೂತಿದ್ದ. ಗೋಡೆಯಲ್ಲಿ ಮತ್ತೆ ಪಾವತಿಯ ಚೌಕ. ಯಜಮಾನರು ಮೂಲೆಯ ಟೇಬಲ್ಲಿನಲ್ಲಿ, ಪಕ್ಕದಲ್ಲೊಂದು ಬಟ್ಟೆಯ ಚೀಲ ಇಟ್ಟುಕೊಂಡು ಕೂತಿದ್ದರು. ಎದುರಿಗೆ ಚಿಕ್ಕಪ್ಪಂದಿರಿಬ್ಬರು, ಇಬ್ಬರೂ ಫೋನಿನೊಳಗೆ.

"ಎಲ್ಲಿಗ್ರಿ ಯಜಮಾನ್ರ?"

"ನಾಳೆ ಊರಿಗೆ ಬಸ್" ಎಂದರು. "ನಾನು ಫೇಲಂತೆ."

ಮಗನ ಕಡೆ ತಿರುಗಿದೆ. ವರದಿ ಓದಿದೆಯೇನಪ್ಪ ಎಂದು ಕೇಳಿದೆ.

"ಹೌದು ಮೇಡಂ. ಫೋಟೋ ತೆಗೆದು ಹಾಕಿದೆ, ಫೋನೇ ಸಮರಿ ಮಾಡಿ ಕೊಡ್ತು. ಗಮನ ಕಮ್ಮಿ, ನೆನಪು ಕಮ್ಮಿ, ಲೆಕ್ಕ ಕಮ್ಮಿ ಅಂತ ಉಂಟು. ಗ್ರೂಪಲ್ಲಿ ಹಾಕಿದ್ದೇನೆ, ಚಿಕ್ಕಪ್ಪಂದಿರೂ ನೋಡಿದ್ರು."

"ಅಪ್ಪಾರು ನಿಮಗ ಏನೂ ಹೇಳ್ಲಿಲ್ಲೇನು?"

"ಹೇಳಿದ್ರು, ಎಲ್ಲ ಸರಿ ಉಂಟು ಅಂತ ಡಾಕ್ಟ್ರು ಹೇಳಿದ್ದಾರೆ ಅಂತ." ಅವನು ದನಿ ತಗ್ಗಿಸಿದ. "ಆದ್ರೆ ಅವ್ರಿಗೆ ನೆನಪಿರುದಿಲ್ಲ ಅಲ್ವಾ ಮೇಡಂ, ಹೇಗೆ ನಂಬುದು?"

ಎಷ್ಟೋ ವರ್ಷದಿಂದ ಮಂದ ಬುದ್ಧಿಗಳನ್ನು ಅಳೆದಿದ್ದೇನೆ. ಇಷ್ಟು ಚೆನ್ನಾಗಿ ಬಟ್ಟೆ ಹಾಕಿಕೊಂಡು ಗಲ್ಲೆಯ ಮೇಲೆ ಕೂತ ಮೂರ್ಖತನವನ್ನು ನೋಡಿರಲಿಲ್ಲ.

"ಹಾಳಿ ಎಲ್ಲದ?"

ಡ್ರಾಯರಿನಿಂದ ತೆಗೆದ. "ಯಜಮಾನ್ರ, ಇಲ್ಲೇ ಎಲ್ಲಾರ ಮುಂದ ಓದಿಸ್ಲೇನ್ರಿ?" ಎಂದೆ. ಅವರು ಓದಿಸಿ ಎಂದು ತಲೆಯಾಡಿಸಿದರು.

"ಹಾಳಿ ತಿರುವ್ರಿ" ಎಂದೆ ಮಗನಿಗೆ.

"ಎಂತ?"

"ಹಿಂದಿನ ಮಗ್ಗಲಿನಾಗೂ ಬರದೀನ್ರಿ. ತಿರುವ್ರಿ. ನೀವಽ ಓದ್ರಿ, ದೊಡ್ಡದಾಗಿ. ಫೋನ್ ಕೆಳಗ ಇಡ್ರಿ."

ತಿರುವಿದ. ಅಲ್ಲಿ ಏನಾದರೂ ಇದೆಯೆಂದು ಅವನಿಗೆ ಆಗಲೇ ಗೊತ್ತಾದದ್ದು. ಓದತೊಡಗಿದ. ನಾಲ್ಕು ಸಾಲು ಹೋಗುವಷ್ಟರಲ್ಲಿ ಗಲ್ಲೆಯ ಮೇಲಿನ ಫೋನು ನಡುಗಿತು. ಕಣ್ಣು ಅತ್ತ ಹೋಗಿ, ಬಂದು, ಯಾವ ಸಾಲಿನಲ್ಲಿದ್ದೆ ಎಂದು ಬೆರಳಿನಿಂದ ಹುಡುಕಿದ. ಮರೆವಿನ ಕಾಯಿಲೆ ಇಲ್ಲ, ವ್ಯವಹಾರ ನಡೆಸಲು ಸಮರ್ಥರು ಎಂಬಲ್ಲಿಗೆ ಬಂದಾಗ ದನಿ ಸಣ್ಣದಾಯಿತು. ಚಿಕ್ಕಪ್ಪಂದಿರಲ್ಲಿ ಒಬ್ಬರು ತಲೆ ಎತ್ತಿ, "ಗ್ರೂಪಲ್ಲಿ ಇದು ಬರ್ಲೇ ಇಲ್ವಲ್ಲ ಮಾರಾಯ" ಎಂದರು.

ಯಾರೂ ಕ್ಷಮಿಸಿ ಎನ್ನಲಿಲ್ಲ. ಯಜಮಾನರೂ ಅದಕ್ಕೆ ಕಾಯಲಿಲ್ಲ. ಅವರು ದೇವರ ಪಟದ ಮುಂದಿನ ದೀಪವನ್ನು ನೋಡುತ್ತಿದ್ದರು. ಅದನ್ನು ಇನ್ನೂ ಯಾರೂ ಹಚ್ಚಿರಲಿಲ್ಲ.

"ನಾಳೆ ಕಾರ್ತಿಕಿ ಏಕಾದಶಿ" ಎಂದರು. "ಸಾಬೂದಾಣಿ ನೆನೆಹಾಕಿದ್ದೀರಾ?"

ಮಗ ಚಿಕ್ಕಪ್ಪಂದಿರನ್ನು ನೋಡಿದ, ಚಿಕ್ಕಪ್ಪಂದಿರು ಮಗನನ್ನು ನೋಡಿದರು. ಮಗ ತಟ್ಟನೆ ಫೋನು ಎತ್ತಿಕೊಂಡು ಎರಡೂ ಹೆಬ್ಬೆರಳುಗಳಿಂದ ಏನೋ ಬರೆದ. ಚಿಕ್ಕಪ್ಪಂದಿರ ಫೋನುಗಳು ಟಿಣ್ ಎಂದವು. ಒಳಗೆ ಅಡಿಗೆಮನೆಯಲ್ಲೂ ಟಿಣ್ ಟಿಣ್ ಎಂದು ಕೇಳಿಸಿತು. "ಓಕೆ ಮೇಡಂ, ಎಲ್ಲರೂ ನೋಡಿದ್ರು" ಎಂದು ಮಗ ಹೆಬ್ಬೆಟ್ಟುಗಳ ಸಾಲನ್ನು ನನಗೆ ತೋರಿಸಿದ.

ನಾವು ಕಾದೆವು. ಒಳಗೆ ಯಾರೂ ಎದ್ದ ಸದ್ದಿಲ್ಲ.

ಯಜಮಾನರು ಬಟ್ಟೆಯ ಚೀಲವನ್ನು ಟೇಬಲ್ಲಿನ ಕೆಳಗೆ ತಳ್ಳಿ ಎದ್ದರು. ದೀಪ ಹಚ್ಚಿದರು. ಅಡಿಗೆಮನೆಯ ಬಾಗಿಲಿಗೆ ಹೋಗಿ ಚೌಕಟ್ಟಿಗೆ ಕೈ ಕೊಟ್ಟು ನಿಂತು, "ನಾಳೆ ಉಪವಾಸ" ಎಂದರು. ಒಳಗೆ ಉಪವಾಸದ ಬಾಣಲೆ ಕೆಳಗಿಳಿದ ಸದ್ದಾಯಿತು, ಆಮೇಲೆ ನಲ್ಲಿಯ ನೀರು ಬಿಟ್ಟ ಸದ್ದು.